ಬೈರಪ್ಪನ ಹಿತ್ತಲಲ್ಲಿ ತಮಟೆ ಕಾಯಿಸಿದ್ದು

ಬೆಂಕಿಯ ಮೇಲೆ ನೀರು ಬಿದ್ದಾಗ ತಮಟೆ ಇನ್ನೂ ಅರ್ಧವೂ ಕಾದಿರಲಿಲ್ಲ. ಚೊಯ್ ಎಂದು ಹೊಗೆ ಎದ್ದು ಹನುಮಂತಯ್ಯನ ಮುಖಕ್ಕೆ ಬಡಿಯಿತು. ಅವನು ತಮಟೆಯನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಚರ್ಮಕ್ಕೆ ನಾಲ್ಕು ಹನಿ ತಾಗಿದರೆ ಅವತ್ತಿನ ಕೆಲಸ ಕೆಟ್ಟಂತೆಯೇ. ಬೆರಳಿನಿಂದ ಸುತ್ತಲೂ ಸವರಿ ನೋಡಿದ. ತಾಗಿರಲಿಲ್ಲ.

ಖಾಲಿ ಬಕೆಟ್ ಹಿಡಿದು ನಿಂತಿದ್ದ ವಾಚ್‌ಮನ್ ಯಮನಪ್ಪ ತಲೆ ಎತ್ತಲಿಲ್ಲ. "ನಂದೇನೂ ತಪ್ಪಿಲ್ರಿ ಅಣ್ಣಾರ. ಹಿತ್ತಲದಾಗ ಬೆಂಕಿ ಕಾಣಬಾರ್ದು ಅಂತ ಮ್ಯಾಲಿಂದ ಮಾಲಕರು ಹೇಳ್ಯಾರ," ಎಂದ.

"ಅದನ್ನ ಬಾಯಲ್ಲಿ ಯೋಳಕ್ಕಾಗಲ್ವೇನಯ್ಯ? ನಾವೇನು ನಿಮ್ ಮಾಲೀಕನ ಮನೆಗೆ ಬೆಂಕಿ ಇಕ್ಕಿದ್ವಾ?" ಎಂದು ಮುನೀಂದ್ರ ಮೈಮೇಲೆ ಹೋದ. ಮುನೀಂದ್ರ ಹನುಮಂತಯ್ಯನ ಅಕ್ಕನ ಮಗ. ಇಪ್ಪತ್ತು ವರ್ಷದಿಂದ ಎರಡನೆಯ ತಮಟೆ ಅವನದೇ.

"ಬಿಡೋ," ಎಂದ ಹನುಮಂತಯ್ಯ. ಬೂದಿಯಾಗಿದ್ದ ಪೇಪರಿನ ಕೆಳಗೆ ತೆಂಗಿನ ಗರಿ ಇನ್ನೂ ಹೊಗೆಯಾಡುತ್ತಿತ್ತು. ಅದನ್ನು ಕಾಲಿನಲ್ಲಿ ಬದಿಗೆ ಸರಿಸಿದ.

ತಮಟೆ ಕಾದರೆ ಮಾತ್ರ ತಮಟೆ. ಕಾದಾಗ ಚರ್ಮ ಬಿಗಿಯುತ್ತದೆ, ಬಿಗಿದಾಗ ಕೂಗುತ್ತದೆ. ತಣ್ಣಗಾಯಿತೋ, ಒದ್ದೆ ಗೋಣಿಚೀಲ ಬಡಿದ ಹಾಗೆ. ಸ್ಟುಡಿಯೊದೊಳಗೆ ಏಸಿ, ಗೋಡೆಗೆಲ್ಲ ಸ್ಪಂಜು, ಅಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ. ಹಾಗಾಗಿ ಮೊದಲಿಂದ ಹನುಮಂತಯ್ಯನ ಪದ್ಧತಿ ಒಂದೇ. ಹೊರಗೆ ಕಾಯಿಸುವುದು, ಒಳಗೆ ಓಡುವುದು, ಚರ್ಮ ಸಡಿಲಾಗುವುದರೊಳಗೆ ಬಡಿದು ಮುಗಿಸುವುದು. ಐದು ನಿಮಿಷ ಸಿಕ್ಕರೆ ಹೆಚ್ಚು. ಪಿಟೀಲಿನವನಿಗೆ, ಕೊಳಲಿನವನಿಗೆ ಹತ್ತು ಸಲ ತಪ್ಪುವ ಅನುಕೂಲವಿತ್ತು. ತಮಟೆಯವನಿಗೆ ಇರಲಿಲ್ಲ. ಸ್ಟುಡಿಯೊದವರು ಅವನನ್ನು ಒಂದೇ ಟೇಕಿನ ಹನುಮಂತಣ್ಣ ಎನ್ನುತ್ತಿದ್ದರು. ಹೀಟರ್ ಇಟ್ಟು ನೋಡಿದ್ದರು, ಚರ್ಮ ಒಂದು ಕಡೆ ಸೀದು ಬಿರಿಯಿತು. ಈಗ ಫೈಬರಿನ ತಮಟೆ ಬಂದಿದೆ, ಅದಕ್ಕೆ ಬೆಂಕಿಯೂ ಬೇಡ, ಆರೈಕೆಯೂ ಬೇಡ. ಹನುಮಂತಯ್ಯ ಒಮ್ಮೆ ಅದನ್ನು ಬಡಿದು ನೋಡಿ, "ಕೊಳಗಕ್ಕೆ ಪ್ಲಾಸ್ಟಿಕ್ ಸುತ್ತವ್ರೆ," ಎಂದು ವಾಪಸ್ ಕೊಟ್ಟಿದ್ದ.

ಸ್ಟುಡಿಯೊದ ನಂದೀಶ ಹಿಂಬಾಗಿಲಿನಿಂದ ಹೊರಗೆ ಬಂದ. ಮೂವತ್ತೈದರ ವಯಸ್ಸು, ಕೊರಳಲ್ಲಿ ಹೆಡ್‌ಫೋನು. ಮೂರು ತಿಂಗಳ ಹಿಂದೆ ರಾಜಾಜಿನಗರ ಬಿಟ್ಟು ಬ್ರೂಕ್‌ಫೀಲ್ಡಿನ ಈ ನಾಲ್ಕಂತಸ್ತಿನ ಕಟ್ಟಡದ ನೆಲಮಹಡಿಗೆ ಬಂದಿದ್ದ. ಬಡಿಯುವ ಕೋಣೆಯಿಂದ ನೇರ ಹಿತ್ತಲಿಗೆ ಬಾಗಿಲಿದೆ, ನಿಮಗಾಗಿಯೇ ನೋಡಿ ಹಿಡಿದೆ ಎಂದು ಫೋನಿನಲ್ಲಿ ಹೇಳಿದ್ದ. ಜಾಗ ಯಾರದು ಎಂದು ಹನುಮಂತಯ್ಯ ಕೇಳಿರಲಿಲ್ಲ. ಬಸ್ಸಿಳಿದು ಗಲ್ಲಿ ತಿರುಗಿದ ಮೇಲೆ ಕಾಲಿಗೇ ಗೊತ್ತಾಯಿತು, ಇದು ತಾನು ಬಿಟ್ಟುಹೋದ ಊರು. ರಸ್ತೆ ಏರುವ ಆ ಸಣ್ಣ ದಿಬ್ಬ, ಅದರ ಆಚೆ ಎಡಕ್ಕೆ ಇಳಿಯುವ ಇಳಿಜಾರು. ಅಲ್ಲಿ ಗೌಡರ ಮನೆಯ ಬೈರಪ್ಪನ ಕಣ ಇತ್ತು. ಕಣದ ಮೇಲೆ ಕಟ್ಟಡ ಎದ್ದಿತ್ತು.

"ಅಣ್ಣ, ಲೆವೆಲ್ ಎಲ್ಲಾ ಸೆಟ್ ಮಾಡಿಟ್ಟಿದ್ದೀನಿ. ಏನಾಯ್ತು?" ಎಂದ ನಂದೀಶ.

ಏನಾಯಿತು ಎಂದು ಹೇಳುವ ಮೊದಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಬೈರಪ್ಪ ಇಳಿದು ಬಂದ. ಅರವತ್ತೆಂಟಾದರೂ ನೆಟ್ಟಗಿನ ಬೆನ್ನು, ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಕೊನೆಯ ಮೆಟ್ಟಿಲಲ್ಲೇ ನಿಂತು, ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ನೋಡಿದ.

"ಯಾರ್ಲಾ ಅದು? ನರಸನ ಮಗ ಅಲ್ವೇನ್ಲಾ?"

"ನರಸಿಂಹಯ್ಯನ ಮಗ," ಎಂದ ಹನುಮಂತಯ್ಯ.

"ಅದೇ ಕಣ್ಲಾ, ನರಸ."

ನಂದೀಶ ಇಬ್ಬರ ಮುಖವನ್ನೂ ನೋಡಿದ. "ಸಾರ್, ಇವ್ರು ತುಂಬಾ ಸೀನಿಯರ್ ಆರ್ಟಿಸ್ಟು. ಎಷ್ಟು ಸಿನಿಮಾಗೆ ನುಡಿಸಿದಾರೆ ಗೊತ್ತಾ ನಿಮ್ಗೆ?"

"ನಂಗೊತ್ತಿಲ್ವಾ?" ಬೈರಪ್ಪ ನಕ್ಕ. "ಇವನು ಮೊದಲ್ನೇ ಸಿನಿಮಾಕ್ಕೆ ಬಡಿಯಾಕೆ ಓದ್ನಲ್ಲ, ಅವತ್ತು ನಮ್ಮಪ್ಪನ ಹೆಣ ಇದೇ ಅಂಗಳದಾಗಿತ್ತು. ಕ್ಯೋಳು ಅವನ್ನೇ."

ಹನುಮಂತಯ್ಯ ತಮಟೆಯನ್ನು ತಿರುಗಿಸಿ ಬಿಸಿಲಿಗೆ ಹಿಡಿದ. ಬಿಸಿಲು ಏನೂ ಇರಲಿಲ್ಲ, ಪಕ್ಕದ ಅಪಾರ್ಟ್‌ಮೆಂಟಿನ ನೆರಳು ಹಿತ್ತಲನ್ನೆಲ್ಲ ನುಂಗಿತ್ತು.

ಮೂವತ್ತಮೂರು ವರ್ಷದ ಹಿಂದಿನ ಮಾತು ಅದು. ಊರಲ್ಲಿ ಒಂದು ಮನೆಯ ಸಾವಿಗೆ ಒಂದೇ ವಂಶದ ಕೈ. ಬೈರಪ್ಪನ ಮನೆಯ ಸಾವಿಗೆ ನರಸಿಂಹಯ್ಯನ ಮನೆಯವರೇ ಬಡಿಯಬೇಕು, ಕೇರಿಯ ಬೇರೆಯವರು ಆ ಬಾಗಿಲಿಗೆ ಬರುತ್ತಿರಲಿಲ್ಲ. ಬೈರಪ್ಪನ ಅಪ್ಪ ದೊಡ್ಡ ಗೌಡ ಬೆಳಗಿನ ಜಾವ ಸತ್ತ. ಅಳು ಕೇರಿಯ ತನಕ ಕೇಳಿತು. ನರಸಿಂಹಯ್ಯನಿಗೆ ಎದೆನೋವು ಹಿಡಿದು ತಿಂಗಳಾಗಿತ್ತು, ಕೈ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ. ಇಪ್ಪತ್ತಾರರ ಹನುಮಂತಯ್ಯನಿಗೆ ಅವತ್ತೇ ಬೆಂಗಳೂರಿನ ಸ್ಟುಡಿಯೊದಲ್ಲಿ ಮೊದಲ ಕರೆ. ಅಳು ಅವನಿಗೂ ಕೇಳಿಸಿತ್ತು. ಕೇಳಿಸಿಯೂ ಅವನು ಮನೆಯಲ್ಲಿದ್ದ ಹಳೆಯ ತಮಟೆಯನ್ನು ಹೆಗಲಿಗೇರಿಸಿ, ಹೊಲದ ಬದುವಿನ ಮೇಲೆ ನಡೆದು ಮೊದಲ ಬಸ್ಸು ಹತ್ತಿದ. ದೊಡ್ಡ ಗೌಡನ ಹೆಣ ಸದ್ದಿಲ್ಲದೆ ಹೋಯಿತು. ಕಳ್ಳನ ಹೆಣ ಸಾಗಿಸಿದಂಗೆ ಎಂದು ಸುತ್ತಲ ನಾಲ್ಕು ಊರು ಆಡಿಕೊಂಡಿತು.

ಸಂಜೆ ವಾಪಸ್ ಬಂದಾಗ ಬೈರಪ್ಪ ಕೇರಿಯ ಬಾಯಲ್ಲಿ ನಿಂತಿದ್ದ. ತಮಟೆಯನ್ನು ನೆಲಕ್ಕಿಡಿಸಿ ಅದರ ಮೇಲೆ ಕಾಲಿಟ್ಟು ತುಳಿದ. ಅದು ನರಸಿಂಹಯ್ಯನಿಗೆ ಅವನ ಅಪ್ಪನಿಂದ ಬಂದ ತಮಟೆ. ಚರ್ಮ ಹರಿದು ಕಾಲು ಆ ಕಡೆಗೆ ತೂರಿತು, ತಮಟೆಯ ಸುತ್ತಿನ ಬಳೆಯ ಅಂಚು ತರಚಿ ಪಾದದಲ್ಲಿ ರಕ್ತ ಬಂತು. ನರಸಿಂಹಯ್ಯ ಗುಡಿಸಲಿನಿಂದ ಗೋಡೆ ಹಿಡಿದುಕೊಂಡು ಬಂದು, ಮಂಡಿಯೂರಿ, ಬೈರಪ್ಪನ ಕಾಲನ್ನು ತಮಟೆಯಿಂದ ಬಿಡಿಸಿದ. "ಕಾಲಿಗೆ ನೋವಾಯ್ತಾ ಬುದ್ದಿ?" ಎಂದು ಕೇಳಿದ.

ತುಳಿದದ್ದನ್ನು ಹನುಮಂತಯ್ಯ ಹೇಗೋ ತಡೆದುಕೊಂಡ. ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ವಾರದೊಳಗೆ ಅಪ್ಪನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೆಂಡತಿಯ ಕಡೆಯವರ ಊರು ಚಂದಾಪುರ ಸೇರಿದ. ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಸಾವಿಗೂ ಬಡಿದಿರಲಿಲ್ಲ, ಯಾರ ಸಾವಿಗೂ.

"ಬೆಂಕಿ ಹಾಕ್ಕೊಳ್ಲಿ ಸಾರ್, ಒಂದರ್ಧ ಗಂಟೆ," ಎಂದು ನಂದೀಶ ಬೈರಪ್ಪನನ್ನು ಕೇಳಿಕೊಳ್ಳುತ್ತಿದ್ದ. "ನಾಳೆ ಬೆಳಿಗ್ಗೆ ಹಾಡು ಹೋಗ್ಬೇಕು. ಇವತ್ತು ಸಂಜೆ ಒಳಗೆ ತಮಟೆ ಆಗಲೇಬೇಕು."

"ಆಕ್ಕೊಳ್ಲಿ, ಯಾರು ಬ್ಯಾಡ ಅಂದೋರು?" ಬೈರಪ್ಪ ಕೊನೆಯ ಮೆಟ್ಟಿಲು ಇಳಿಯಲಿಲ್ಲ. ಹನುಮಂತಯ್ಯನ ಕಡೆಗೆ ಗದ್ದ ಎತ್ತಿದ. "ಒಂದು ಮಾತು ಕೊಡ್ಲಿ. ನಮ್ಮವ್ವಂಗೆ ತೊಂಬತ್ತಾಯ್ತು. ಇಡಿದಿರೋ ಆಸ್ಗೆ ಬಿಟ್ಟೆದ್ದಿಲ್ಲ. ಅವಳು ಓದ ದಿವಸ ಇವನು ಬಂದು ಬಾಗ್ಲಲ್ಲಿ ನಿಂತು ಬಡೀಬೇಕು. ಇವರಪ್ಪ, ಇವರಜ್ಜ ನಿಂತಂಗೆ. ಬರಿಗಾಲಲ್ಲಿ."

"ಬಾಗ್ಲಿಗೆ ಬರಾಕಿಲ್ಲ ಗೌಡ್ರೆ," ಎಂದ ಹನುಮಂತಯ್ಯ.

ಬುದ್ದಿ ಎನ್ನಲಿಲ್ಲ ಎನ್ನುವುದು ಬೈರಪ್ಪನ ಕಿವಿಗೆ ಬಿತ್ತು. "ಅಂಗಾದ್ರೆ ಬೆಂಕೀನೂ ಇಲ್ಲ."

"ಸಾರ್, ಸಾವಿಗೆ ಈಗ ಹೊಸೂರ್ ಕಡೆ ಪಾರ್ಟಿ ಸಿಗ್ತಾರಲ್ಲ," ಎಂದ ನಂದೀಶ. "ಸಕ್ಕತ್ತಾಗಿ ಬಾರಿಸ್ತಾರೆ. ಡ್ಯಾನ್ಸೂ ಮಾಡ್ತಾರೆ."

"ಅವರ ಕುಣಿತ ನಮ್ಮವ್ವ ಕಿಟಕೀಲಿ ನೋಡವ್ಳೆ, ಪಕ್ಕದ್ ಮನೆಯೋನು ಸತ್ತಾಗ. 'ಇದೇನ್ಲಾ ಬೈರ, ಹೆಣ ತಕ್ಕೊಂಡೋಯ್ತಾವ್ರೋ, ಎಲೆಕ್ಷನ್ ಗೆದ್ದವ್ರೋ' ಅಂದ್ಲು. ಅವಳಿಗೆ ನಮ್ಮೂರ ಬಡಿತವೇ ಬೇಕು. ಅದು ಇವನ ಕೈಯಲ್ಲಿ ಬಿಟ್ರೆ ಬ್ಯಾರೆಯೋರ ಕೈಯಲ್ಲಿಲ್ಲ. ಅದಕ್ಕೇ ನೋಡು ಈ ಸೊಕ್ಕು." ಬೈರಪ್ಪ ಮೆಟ್ಟಿಲು ಹತ್ತಿ ಹೋದ.

ಮುನೀಂದ್ರ ಮಾವನನ್ನು ಗೋಡೆಯ ಬದಿಗೆ ಕರೆದ. "ಊ ಅಂದ್ಬುಡು ಮಾವ. ಮುದುಕಿ ಸಾಯೋ ಒತ್ಗೆ ಯಾರಿರ್ತೀವೋ ಯಾರಿಲ್ವೋ. ನಮ್ ಫೋನ್ ನಂಬರ್ ಏನು ಅವನ್ತಾವ ಅದಾ?"

"ಸಾವಿಗೆ ಸುಳ್ ಮಾತು ಕೊಡಬಾರ್ದು."

"ಅಂಗಾದ್ರೆ ಸಾವಿನ ಬಡ್ತ ನಂಗೆ ಕಲ್ಸು. ನಾನೋಗಿ ಬಡ್ದು ಬತ್ತೀನಿ. ನಂಗೇನು ಬರಿಗಾಲು, ಬೂಟ್ಗಾಲು."

"ನಿಂಗೆ ಕಲಿಸ್ಬಾರ್ದು ಅಂತ್ಲೇ ಇಪ್ಪತ್ತೊರ್ಷ ತಡ್ಕೊಂಡಿರಾದು," ಎಂದ ಹನುಮಂತಯ್ಯ. "ಬಾ, ರಸ್ತೇಲಿ ಕಾಯ್ಸಾಣ."

ರಸ್ತೆಯಲ್ಲಿ ಜಾಗ ಎಲ್ಲಿತ್ತು? ಎದುರಿಗೆ ಕಂಪನಿಯ ಉದ್ದನೆಯ ಗಾಜಿನ ಗೋಡೆ. ಅದರ ಫುಟ್‌ಪಾತಿನಲ್ಲಿ ಎರಡು ಪೇಪರ್ ಹೊತ್ತಿಸಿದ ಕೂಡಲೇ ನೀಲಿ ಸಮವಸ್ತ್ರದ ಇಬ್ಬರು ಓಡಿಬಂದರು. ಇಲ್ಲಿ ಏನೂ ಸುಡುವ ಹಾಗಿಲ್ಲ, ಕ್ಯಾಮೆರಾ ಇದೆ, ನಮ್ಮ ಕೆಲಸ ಹೋಗುತ್ತದೆ ಎಂದು ಒಬ್ಬ ಹಿಂದಿಯಲ್ಲಿ, ಇನ್ನೊಬ್ಬ ತೆಲುಗಿನಲ್ಲಿ ಬೈದ. ತಿರುವಿನಲ್ಲಿ ಇಸ್ತ್ರಿ ಗಾಡಿಯವನೊಬ್ಬ ಇದ್ದ. ಅವನ ಇದ್ದಿಲ ಪೆಟ್ಟಿಗೆಯ ಮೇಲೆ ತಮಟೆಗಳನ್ನು ಹಿಡಿದು ಕಾಯಿಸಿಕೊಂಡು, ಶರಟಿನೊಳಗೆ ಬಚ್ಚಿಟ್ಟುಕೊಂಡು ಓಡಿದರು. ಅರವತ್ತರ ಹತ್ತಿರದ ಹನುಮಂತಯ್ಯ ಬಸ್ಸುಗಳ ನಡುವೆ ನುಸುಳಿ, ಗೇಟು ದಾಟಿ, ಸ್ಟುಡಿಯೊ ಹೊಕ್ಕು ಮೈಕಿನ ಮುಂದೆ ನಿಂತಾಗ ಉಸಿರು ಕುತ್ತಿಗೆಗೆ ಬಂದಿತ್ತು.

ಹೆಡ್‌ಫೋನಿನಲ್ಲಿ ತಾಳ ಹಿಡಿಯುವ ಕ್ಲಿಕ್ ಶುರುವಾಯಿತು. ಟಿಕ್, ಟಿಕ್, ಟಿಕ್, ಟಿಕ್. ಬಡಿದರು. ಮೊದಲ ಪಲ್ಲವಿ ಚೆನ್ನಾಗಿಯೇ ಬಂತು. ಚರಣಕ್ಕೆ ಬರುವಾಗ ಹನುಮಂತಯ್ಯನ ಎಡಗೈಯ ಬಿದಿರು ಕಡ್ಡಿಗೆ ಗೊತ್ತಾಯಿತು, ಚರ್ಮ ಕೈ ಬಿಡುತ್ತಿದೆ. ಬಲವಾಗಿ ಬಡಿದು ಮುಚ್ಚಿಕೊಳ್ಳಲು ನೋಡಿದ. ಮುಚ್ಚಿಕೊಳ್ಳಲಿಲ್ಲ.

ಗಾಜಿನ ಆಚೆಯಿಂದ ನಂದೀಶ ಗುಂಡಿ ಒತ್ತಿ ಮಾತಾಡಿದ. "ಅಣ್ಣ, ಇನ್ನೊಂದ್ಸಲ ಹೋಗ್ಬಿಡಣ."

ಅವನ ದನಿಯಲ್ಲಿ ಬೇಸರವೇನೂ ಇರಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ಆ ಮಾತನ್ನು ಹನುಮಂತಯ್ಯನಿಗೆ ಯಾರೂ ಹೇಳಿರಲಿಲ್ಲ. ಬೇರೆಯವರಿಗೆ ಹೇಳಿದ್ದನ್ನು ಕೇಳಿದ್ದ, ಅಷ್ಟೇ. ಮತ್ತೆ ಓಡಿದರು. ಇಸ್ತ್ರಿಯವನು ಗೊಣಗಿದ. ಮತ್ತೆ ಬಂದರು. ಮತ್ತೆ ಚರಣದಲ್ಲಿ ಚರ್ಮ ಕೂತಿತು.

ನಂದೀಶ ಈ ಸಲ ಫೋನು ತೆಗೆದುಕೊಂಡು ಆಚೆ ಹೋದ. ಗಾಜಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ಫೈಬರ್ ಆದ್ರೂ ಪರ್ವಾಗಿಲ್ಲ ಗುರು. ಆರ್ ಗಂಟೆ ಒಳಗೆ ಹೊಸೂರಿಂದ ಬರಕ್ಕಾಗತ್ತಾ?" ಎನ್ನುವುದು ಕೇಳಿಸಿತು.

ಮುನೀಂದ್ರ ತನ್ನ ಕೋಲುಗಳನ್ನು ಚೀಲಕ್ಕೆ ಹಾಕತೊಡಗಿದ. "ಓಗ್ಲಿ ಬಾ ಮಾವ. ಒಂದು ಆಡು ಓದ್ರೆ ಓಯ್ತು."

ಒಂದು ಹಾಡು ಎಂದು ಅವನು ಹೇಳಿದ. ಹಾಗಲ್ಲವೆಂದು ಅವನಿಗೂ ಗೊತ್ತಿತ್ತು. ಈ ಕಸುಬಿನಲ್ಲಿ ಒಮ್ಮೆ ಬೇರೆಯವರಿಗೆ ಹೋದ ಫೋನು ತಿರುಗಿ ಬರುವುದಿಲ್ಲ. ಕ್ಲಾರಿಯೊನೆಟ್ಟಿನ ಗದಿಗೆಪ್ಪ ಒಂದು ವಾರ ಜ್ವರ ಬಂದು ಮಲಗಿದ್ದ. ಆಮೇಲೆ ಮಲಗಿಯೇ ಇದ್ದ.

ಹನುಮಂತಯ್ಯ ಹಿಂಬಾಗಿಲು ತೆರೆದು ಹಿತ್ತಲಿಗೆ ಬಂದ. ಮೊದಲ ಮಹಡಿಯ ಬಾಲ್ಕನಿಯಲ್ಲಿ ಬೈರಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದ. ಎಲ್ಲವನ್ನೂ, ಓಡಿದ್ದನ್ನೂ ಬಂದದ್ದನ್ನೂ ನೋಡಿದ್ದ.

"ಗೌಡ್ರೆ."

"ಏನ್ಲಾ, ಇಸ್ತ್ರಿ ಆಯ್ತಾ?"

"ಬಾಗ್ಲಿಗೆ ನಾನು ಬರಾಕಿಲ್ಲ. ಬಡಿತ ಬೇಕಾದ್ರೆ ಕೊಡ್ತೀನಿ. ಈಗ್ಲೇ, ಒಳಗೆ, ಮೈಕಿನ ಮುಂದೆ ಬಡೀತೀನಿ. ನಂದೀಶಪ್ಪ ಇಡ್ಕೊಂಡು ಪೆನ್‌ಡ್ರೈವಿಗೆ ಆಕ್ಕೊಡ್ತಾನೆ. ನಿಮ್ಮವ್ವ ಓದ ದಿವಸ ಬಾಗ್ಲಲ್ಲಿ ದೊಡ್ಡ ಸ್ಪೀಕರ್ ಪೆಟ್ಟಿಗೆ ಇಟ್ಟು ಆಕ್ಸಿ. ಬೆಂಕಿ ಬಿಡಿ."

ಬೈರಪ್ಪ ಕುರ್ಚಿಯಿಂದ ಎದ್ದ. ಮಾತು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಬಾಲ್ಕನಿಯ ಕಂಬಿ ಹಿಡಿದು ಬಗ್ಗಿದ. "ಏನಂದೆ? ನಮ್ಮವ್ವ ಇನ್ನೂ ಉಸಿರಾಡ್ತಾವ್ಳೆ ಕಣ್ಲಾ. ಅವಳ ಮಂಚದ ಕೆಳ್ಗೆ ನಿಂತ್ಕೊಂಡು ಸಾವಿನ ಬಡ್ತ ಬಡೀತೀಯಾ? ಜೀವ ಇರೋ ಮನೇಲಿ?"

"ಸತ್ ಮೇಲೆ ನಾನು ಬರಲ್ವಲ್ಲ."

"ನಾಲಿಗೆ ಸೀಳ್ಬುಡ್ತೀನಿ."

"ಸೀಳಿ. ಬಡಿಯಾಕೆ ನಾಲಿಗೆ ಬೇಕಾಗಿಲ್ಲ."

ಯಮನಪ್ಪ ಬಕೆಟ್ ಹಿಡಿದು ನಲ್ಲಿಯ ಹತ್ತಿರ ಹೋಗಿ ನಿಂತ. ಮುನೀಂದ್ರ ಬಂದು ಮಾವನ ಪಕ್ಕ ನಿಂತ. ಬಾಲ್ಕನಿಯ ಪಕ್ಕದ ಕಿಟಕಿಯಿಂದ ಒಂದು ದನಿ ಬಂತು. ಒಣಗಿದ ಎಲೆ ಉಜ್ಜಿದಂಥ ದನಿ.

"ಬೈರಾ."

"ಮಲಕ್ಕಳವ್ವ ನೀನು."

"ಬಡೀಲಿ ಬಿಡ್ಲಾ. ಸತ್ ಮೇಲೆ ನಂಗೇನು ಕ್ಯೋಳ್ತದಾ?"

ಕಿಟಕಿಯ ಸರಳಿನ ಹಿಂದೆ ಬಿಳಿ ಕೂದಲು ಕಂಡಿತು, ಮುಖ ಕಾಣಲಿಲ್ಲ. ಬೈರಪ್ಪನ ತಾಯಿ ಈಶ್ವರಮ್ಮ ಮಂಚದಲ್ಲಿ ಎದ್ದು ಕೂತು ಎಲ್ಲ ಕೇಳಿಸಿಕೊಂಡಿದ್ದಳು. "ಅವರಪ್ಪನ ತಮಟೆ ತುಳ್ದೋನು ನೀನು. ಈಗ ಅವನ್ತಾವ ಬೇಡ್ತಾ ನಿಂತಿದ್ದೀಯ. ತುಳಿಯೋವಾಗ ನಂಗೊಂದ್ ಮಾತು ಕ್ಯೋಳಿದ್ಯಾ?" ಎಂದಳು. ಉಸಿರು ತೆಗೆದುಕೊಂಡಳು. "ನೀನೂ ಅಷ್ಟೇ ಕಣೋ ಅನ್ಮಂತ. ನಿನ್ನ ಒಗಳಿ ನಾನು ಪದ ಆಡ್ತೀನಿ ಅನ್ಕಬ್ಯಾಡ. ನನ್ ಗಂಡನ್ನ ಮೂಗನ್ ಮಾಡಿ ಕಳಿಸ್ದೋನು ನೀನು. ನೀ ಮಾಡಿದ ಅನ್ಯಾಯ ನನ್ನೆದೇಲದೆ. ಬಡಿ. ಸರೀಗೆ ಬಡಿ."

ಬೈರಪ್ಪ ಕಂಬಿ ಬಿಟ್ಟು, ಯಾರ ಮುಖವನ್ನೂ ನೋಡದೆ, "ಯಮನಪ್ಪ, ಬಕೀಟು ಅತ್ಲಾಗಿಡು," ಎಂದ.

ಹನುಮಂತಯ್ಯ ಗರಿ ಹೊತ್ತಿಸಿದ. ಆತುರ ಮಾಡಲಿಲ್ಲ. ಉರಿ ಇಳಿದು ಕೆಂಡವಾಗುವ ತನಕ ಕಾದು, ತಮಟೆಯನ್ನು ಅದರ ಮೇಲೆ ಅಡ್ಡ ಹಿಡಿದು, ರೊಟ್ಟಿ ತಿರುಗಿಸುವಂತೆ ಮೆಲ್ಲಗೆ ತಿರುಗಿಸುತ್ತ ಹೋದ. ಆಗಾಗ ಉಗುರಿನಿಂದ ಮೀಟುತ್ತಿದ್ದ. ಮೊದಲು ಮಣ್ಣಿನ ಸದ್ದು. ಆಮೇಲೆ ಮರದ ಸದ್ದು. ಕಂಚಿನ ಸದ್ದು ಬಂದಾಗ ಎದ್ದ.

ಒಳಗೆ ನಂದೀಶ ಏಸಿ ಆರಿಸಿದ್ದ. ವಿಷಯ ಪೂರ್ತಿ ತಿಳಿದಿರಲಿಲ್ಲವಾದರೂ ಬೆಂಕಿ ಸಿಕ್ಕಿದ್ದೇ ಅವನಿಗೆ ಸಾಕಾಗಿತ್ತು. ಹೊಸೂರಿನವರಿಗೆ ಸ್ವಲ್ಪ ತಡೀರಿ ಎಂದು ಹೇಳಿದ್ದ. "ಹಿಂದಿನ ಬಾಗಿಲು ಹಾಕ್ಬಿಡಿ ಅಣ್ಣ," ಎಂದ.

"ತೆಗ್ದಿರ್ಲಿ."

"ಟ್ರಾಫಿಕ್ ಸೌಂಡ್ ಬರುತ್ತೆ."

"ಬರ್ಲಿ. ಮೇಲಿನೋರಿಗೆ ಕ್ಯೋಳಬೇಕು."

"ಸರಿ. ಕ್ಲಿಕ್ ಎಷ್ಟಕ್ಕೆ ಇಡ್ಲಿ?"

"ಇದಕ್ಕೆ ಕ್ಲಿಕ್ ಇಲ್ಲ. ಹೆಣ ಹೊತ್ತೋರ ಕಾಲು ನೋಡ್ಕೊಂಡು ಬಡಿಯಾದು." ಹನುಮಂತಯ್ಯ ಹೆಡ್‌ಫೋನನ್ನು ತೆಗೆದು ಸ್ಟ್ಯಾಂಡಿಗೆ ಸಿಕ್ಕಿಸಿದ. ನಂದೀಶ ಕ್ಲಿಕ್ ಆರಿಸಿದ.

ಬೈರಪ್ಪ ಇಳಿದು ಬಂದು ಗಾಜಿನ ಆಚೆಯ ಕೋಣೆಯಲ್ಲಿ ನಂದೀಶನ ಪಕ್ಕದ ಸೋಫಾದಲ್ಲಿ ಕೂತ. ಮುನೀಂದ್ರನಿಗೆ ಇದರಲ್ಲಿ ಕೆಲಸವಿರಲಿಲ್ಲ. ಮೂಲೆಯ ಸ್ಟೂಲಿನ ಮೇಲೆ, ತಮಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ರೆಕಾರ್ಡಿಂಗಿನ ಕೆಂಪು ದೀಪ ಹೊತ್ತಿತು.

ಕೈಗೆ ನೆನಪಿದೆಯೋ ಇಲ್ಲವೋ ಎಂದು ಹನುಮಂತಯ್ಯನಿಗೆ ಅನುಮಾನವಿತ್ತು. ಮೊದಲ ಏಟು ಬಿದ್ದ ಮೇಲೆ ಅನುಮಾನ ಇರಲಿಲ್ಲ. ಬಲಗೈಯ ದಪ್ಪ ಕೋಲು ಒಂದು ಏಟು, ದೂರ ಬಿಟ್ಟು ಇನ್ನೊಂದು. ನಡುವೆ ಎಡಗೈಯ ಬಿದಿರು ಕಡ್ಡಿ ಅಂಚಿನಲ್ಲಿ ಸಣ್ಣಗೆ ಅಳುತ್ತ ಹೋಗುತ್ತದೆ. ಹೊತ್ತವರ ಕಾಲು ಎದುರಿಗಿರಲಿಲ್ಲ. ಅಪ್ಪ ಹಿಂದೆ ಹಿಂದಕ್ಕೆ ನಡೆಯುತ್ತ, ಹೆಣದ ಕಡೆಗೆ ಮುಖ ಮಾಡಿ ಬಡಿಯುತ್ತಿದ್ದ. ಎಂಟು ವರ್ಷದವನಾಗಿದ್ದಾಗ ಅಪ್ಪನ ಬೆನ್ನ ಹಿಂದೆ ಹೋಗಿ, ಕಲ್ಲು ಮುಳ್ಳು ಇದ್ದರೆ ಪಂಚೆ ಜಗ್ಗಿ ಹೇಳುವುದು ಇವನ ಕೆಲಸ. ಆ ಬರಿಗಾಲಿನ ಹಿಮ್ಮಡಿಗಳೇ ಈಗ ಕಣ್ಣ ಮುಂದೆ ಬಂದವು. ಅದಕ್ಕೆ ಸರಿಯಾಗಿ ಬಡಿದ.

ಈ ಬಡಿತಕ್ಕೆ ಮೂರು ನಿಲುಗಡೆ, ಮೊದಲನೆಯದು ಬಂತು. ಹೊಸ್ತಿಲು ದಾಟುವ ಜಾಗ. ಬಡಿತ ನಿಂತಿತು. ಮುಗಿಯಿತು ಎಂದುಕೊಂಡು ನಂದೀಶ ಯಂತ್ರದ ಗುಂಡಿಗೆ ಕೈ ಹಾಕಿದ. ಬೈರಪ್ಪ ಕಣ್ಣು ಕದಲಿಸದೆ ಅವನ ಮಣಿಕಟ್ಟನ್ನು ಹಿಡಿದುಕೊಂಡ. ಹೊರಗೆ ಬಸ್ಸೊಂದು ಗೇರು ಬದಲಿಸಿತು. ಬಡಿತ ಮತ್ತೆ ಶುರುವಾಯಿತು.

ಎರಡನೆಯದು ಚಟ್ಟ ಇಳಿಸುವ ಕಲ್ಲು, ದಾರಿಯ ನಡುವೆ ಹೆಣದ ದಿಕ್ಕು ತಿರುಗಿಸುವ ಜಾಗ. ಮುನೀಂದ್ರನ ಬೆರಳು ತೊಡೆಯ ಮೇಲೆ ಸದ್ದಿಲ್ಲದೆ ಲೆಕ್ಕ ಹಿಡಿಯುತ್ತಿತ್ತು. ಹನುಮಂತಯ್ಯ ಅವನನ್ನು ನೋಡಿದ. ಬೆರಳು ನಿಂತಿತು.

ಕಲ್ಲು ದಾಟಿದ ಮೇಲೆ ಬಡಿತ ನಿಧಾನವಾಗುತ್ತದೆ. ಏಟಿಗೂ ಏಟಿಗೂ ನಡುವೆ ಒಂದು ಉಸಿರು, ಆಮೇಲೆ ಎರಡು. ಮೂರನೆಯ ನಿಲುಗಡೆ ಗುಂಡಿಯ ಅಂಚು. ಅಲ್ಲಿ ಹಿರಿಯ ಮಗ ಟವೆಲನ್ನು ಹೆಗಲಿನಿಂದ ತೆಗೆದು ತಲೆ ಬಗ್ಗಿಸಬೇಕು. ಮೊದಲ ಹಿಡಿ ಮಣ್ಣು ಬೀಳುವಾಗ ಕೊನೆಯ ಒಂದು ಏಟು ಬೀಳುತ್ತದೆ. ಆ ಏಟು ಕಿವಿಗೆ ಬೀಳುವ ತನಕ ತಲೆ ಎತ್ತುವ ಹಾಗಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನ ಏಟಿಲ್ಲದೆ ಬೈರಪ್ಪನಿಗೆ ತಲೆ ಯಾವಾಗ ಬಗ್ಗಿಸಬೇಕು, ಯಾವಾಗ ಎತ್ತಬೇಕು ಎಂದು ತಿಳಿದಿರಲಿಲ್ಲ. ಬಗ್ಗಿಸಿ, ಎತ್ತಿ, ನೆಂಟರ ಮುಖ ನೋಡಿ ಮತ್ತೆ ಬಗ್ಗಿಸಿದ್ದ. ಅದನ್ನೂ ಜನ ಆಡಿಕೊಂಡಿದ್ದರು.

ಮೂರನೆಯದು ಬಂದಿತು. ಗಾಜಿನ ಆಚೆ ಬೈರಪ್ಪ ಸೋಫಾದಿಂದ ಎದ್ದು ನಿಂತ. ಚಪ್ಪಲಿಯಿಂದ ಕಾಲು ಹೊರಗೆ ತೆಗೆದ. ಟವೆಲನ್ನು ಹೆಗಲಿನಿಂದ ಇಳಿಸಿ ಎರಡು ಕೈಯಲ್ಲಿ ಹಿಡಿದುಕೊಂಡು ತಲೆ ಬಗ್ಗಿಸಿದ. ಬಿಳಿಯ ಕೂದಲಿನ ನಡುವೆ ನೆತ್ತಿ ಕಾಣಿಸಿತು.

ಹನುಮಂತಯ್ಯನ ಬಲಗೈ ಮೇಲೆದ್ದಿತ್ತು. ಚರ್ಮ ಇನ್ನೂ ಬಿಗಿಯಾಗಿತ್ತು, ಅದು ಅಂಗೈಗೆ ಗೊತ್ತಾಗುತ್ತಿತ್ತು. ತೆರೆದ ಬಾಗಿಲಿನಿಂದ ಮೇಲಿನ ಕಿಟಕಿಯ ಮುದುಕಿ ಕೆಮ್ಮಿದ್ದು ಕೇಳಿಸಿತು. ಒಂದು ಸಲ. ಅವಳೂ ಆ ಕೊನೆಯ ಏಟಿಗೆ ಕಾಯುತ್ತಿದ್ದಳು.

ಒಂದು ಉಸಿರು. ಎರಡು. ಮೂರು.

ಕೊನೆಯ ಏಟು ಬಡಿಯದೆ ಅವನು ಕೈ ಇಳಿಸಿದ. ದಪ್ಪ ಕೋಲನ್ನೂ ಬಿದಿರು ಕಡ್ಡಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಬಾರೋ," ಎಂದ ಮುನೀಂದ್ರನಿಗೆ, ಮೆಲ್ಲಗೆ. "ಸಿನಿಮಾ ಆಡಿಂದು ಶುರು ಮಾಡಾಣ. ನಿಂದೂ ಕಾಯ್ಸಬೇಕು."

ಮುನೀಂದ್ರ ಗಾಜಿನ ಕಡೆಗೊಮ್ಮೆ, ಮಾವನ ಕಡೆಗೊಮ್ಮೆ ನೋಡಿದ. ತಮಟೆ ಎತ್ತಿಕೊಂಡು ಎದ್ದು ಬಂದ. ನಂದೀಶ ಗುಂಡಿ ಒತ್ತಿ ಪಿಸುದನಿಯಲ್ಲಿ, "ಅಣ್ಣ, ಮುಗೀತಾ? ಕಟ್ ಮಾಡ್ಲಾ?" ಎಂದ. ಖಾಲಿ ಕೋಣೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಹೆಡ್‌ಫೋನಿನೊಳಗೆ ಆ ಮಾತು ಸಣ್ಣಗೆ ಕೇಳಿಸಿತು.

ಹಿತ್ತಲಲ್ಲಿ ಕೆಂಡದ ಮೇಲೆ ಬೂದಿ ಕಟ್ಟಿತ್ತು. ಹನುಮಂತಯ್ಯ ಕುಕ್ಕರಗಾಲಲ್ಲಿ ಕೂತು ಹೊಸ ಗರಿ ಇಟ್ಟು ಊದಿದ. ಉರಿ ಎದ್ದಿತು. ತೆರೆದ ಬಾಗಿಲಿನೊಳಗೆ ಕೆಂಪು ದೀಪ ಇನ್ನೂ ಹೊತ್ತಿಕೊಂಡೇ ಇತ್ತು, ಅದರ ಹಿಂದೆ ಗಾಜು, ಗಾಜಿನ ಆಚೆ ಬೈರಪ್ಪ ಬರಿಗಾಲಲ್ಲಿ, ಟವೆಲು ಹಿಡಿದು, ತಲೆ ಬಗ್ಗಿಸಿಕೊಂಡು ನಿಂತಿದ್ದ.